ನಮ್ಮ ಏರಿಯಾದಲ್ಲೇ ಅಚ್ಚಿಗೆ ರೆಡಿಯಾದದ್ದು, ನಮಗೇ ಓದೋಕೆ ಸಿಗದದ್ದು

ಭಾಗ 1/8

ಮೊದಲ ಫೋಟೋದಲ್ಲಿರೋದು ಹಲಸೂರು ಕೆರೆ, ನೀರು ಒಳಗೆ ಬರೋ ಕಾಲುವೆ ಹತ್ತಿರ. ಬೆಳಗ್ಗೆ ಆರೂವರೆಗೆ ತೆಗೆದದ್ದು. ವಾಕಿಂಗ್ ಅಂಕಲ್‌ಗಳು ಅಷ್ಟೊತ್ತಿಗೆ ಎರಡು ಸುತ್ತು ಮುಗಿಸಿದ್ರು. ಸ್ವೈಪ್ ಮಾಡಿದ್ರೆ ಎರಡನೇದು ನನ್ನ ಮೊಬೈಲ್ ಸ್ಕ್ರೀನ್‌ಶಾಟ್. ನೋಡೋಕೆ ಏನೂ ಇಲ್ಲ, ಆದ್ರೆ ಕಥೆ ಶುರುವಾಗೋದು ಅಲ್ಲಿಂದಲೇ.

ಈ ಸೆಮ್‌ನ ಪರಿಸರ ಅಧ್ಯಯನದ ಅಸೈನ್‌ಮೆಂಟ್‌ಗೆ ನಾನು ತಗೊಂಡದ್ದು ಈ ಕೆರೆ. 2016ರ ಮಾರ್ಚ್‌ನಲ್ಲಿ ಇಲ್ಲಿ ರಾಶಿ ರಾಶಿ ಮೀನು ಸತ್ತು ತೇಲಿದ್ದು ನಿಮಗೂ ಮಸುಕಾಗಿ ನೆನಪಿರಬಹುದು. ನಾವೆಲ್ಲ ಆಗ ಪ್ರೈಮರಿ ಸ್ಕೂಲು. ಯಾಕೆ ಸತ್ತವು, ನೀರಲ್ಲಿ ಆಮ್ಲಜನಕ ಎಷ್ಟಿತ್ತು, ಕೊಳಚೆ ಎಲ್ಲಿಂದ ಸೇರ್ತಿತ್ತು ಅಂತ ಹುಡುಕ್ತಾ ಹೋದೆ. ಈ ಕೆರೆಯ ನೀರನ್ನ ಪರೀಕ್ಷೆ ಮಾಡಿ ಬರೆದ ಒಂದು ಸಂಶೋಧನಾ ಲೇಖನ ಸಿಕ್ತು. ಸಾರಾಂಶ ಆರು ಸಾಲು ಓದಿದೆ. ಅದರ ಕೆಳಗೆ ಒಂದು ಬೀಗದ ಚಿತ್ರ, ಪಕ್ಕದಲ್ಲಿ ದರ. ಸುಮಾರು 40 ಡಾಲರ್. ನಮ್ಮ ದುಡ್ಡಲ್ಲಿ ಮೂರೂವರೆ ಸಾವಿರದ ಹತ್ತಿರ.

ಕೆರೆ ನಮ್ಮದು. ನೀರು ತುಂಬಿಕೊಂಡು ಹೋದದ್ದು ನಮ್ಮ ಏರಿಯಾದಿಂದ. ಓದಬೇಕಂದ್ರೆ ಇನ್ಯಾವುದೋ ದೇಶದ ಕಂಪನಿಗೆ ಡಾಲರ್ ಕೊಡಬೇಕು. ಮೊದಲು ಸಿಟ್ಟು ಬಂತು, ಆಮೇಲೆ ಕುತೂಹಲ ಬಂತು. ಈ ಬೀಗ ಯಾವಾಗ ಬಿತ್ತು? ಹಾಕಿದ್ದು ಯಾರು? ಮುಂಚೆ ಇರಲಿಲ್ವಾ?

ಇದನ್ನ ಹುಡುಕ್ತಾ ಹೋದವನಿಗೆ ಗೊತ್ತಾಗಿದ್ದು ಏನಂದ್ರೆ, ಜಗತ್ತಿನ ವಿದ್ವತ್ ಪ್ರಕಟಣೆಯ ಇತಿಹಾಸದ ಒಂದು ದೊಡ್ಡ ತುಂಡು ನಮ್ಮ ಕಂಟೋನ್ಮೆಂಟ್ ಕಡೆಯೇ ನಡೆದಿದೆ. ಇಲ್ಲಿ 2,200 ಅಕ್ಷರಕ್ಕಿಂತ ಜಾಸ್ತಿ ಬರೆಯೋಕೆ ಬಿಡಲ್ಲ, ಅದಕ್ಕೇ ಎಂಟು ಭಾಗ. ತಾಳ್ಮೆ ಇರೋರು ಜೊತೆಗೆ ಬನ್ನಿ.

ಭಾಗ 2/8

ಪೇಪರ್ ಬಿಟ್ಟು ಸ್ವಲ್ಪ ಕಲ್ಲಿನ ಕಡೆ ಹೋಗೋಣ. ಇಂದಿರಾನಗರಕ್ಕೆ ಕಾಫಿ ಕುಡಿಯೋಕೆ ಹೋಗ್ತೀರಲ್ಲ, ಪಕ್ಕದಲ್ಲೇ ದೊಮ್ಮಲೂರು. ಅಲ್ಲಿನ ಚೊಕ್ಕನಾಥಸ್ವಾಮಿ ದೇವಸ್ಥಾನದಲ್ಲಿ ತಮಿಳು ಶಾಸನಗಳಿವೆ. ಒಂದು 1270ರದ್ದು: ಅಳಗಿಯಾರ್ ಅನ್ನೋರು ಎರಡು ಬಾಗಿಲ ಕಂಬ ಮಾಡಿಸಿಕೊಟ್ಟರು ಅಂತ. ಇನ್ನೊಂದು ವಿಜಯನಗರದ ಕಾಲದ್ದು, ತೊಂಬಲೂರಿನ ಸುತ್ತಲಿನ ಮನೆ, ಬಾವಿ, ಭೂಮಿಯನ್ನ ದೇವರಿಗೆ ಬಿಟ್ಟ ಲೆಕ್ಕ. ತೊಂಬಲೂರು ಅಂದ್ರೆ ಇದೇ ದೊಮ್ಮಲೂರು.

ನನಗೆ ತಮಿಳು ಲಿಪಿ ಓದೋಕೆ ಬರಲ್ಲ, ಅದರಲ್ಲೂ ಹಳೇ ಲಿಪಿ ಕೇಳಲೇಬೇಡಿ. ಆದ್ರೂ ಇದೆಲ್ಲ ಹೇಗೆ ಗೊತ್ತಾಯ್ತು? ಬಿ. ಎಲ್. ರೈಸ್ ಪುಣ್ಯ. ಬೆಂಗಳೂರಲ್ಲೇ 1837ರಲ್ಲಿ ಹುಟ್ಟಿದ ಮಿಷನರಿ ಮಗ. ಮೈಸೂರು ಸಂಸ್ಥಾನದ ಊರೂರು ಸುತ್ತಿಸಿ, ಒಂಬತ್ತು ಸಾವಿರದ ಹತ್ತಿರ ಶಾಸನಗಳನ್ನ ನಕಲು ಮಾಡಿಸಿ, 1886ರಿಂದ 1905ರ ಒಳಗೆ ‘ಎಪಿಗ್ರಾಫಿಯಾ ಕರ್ನಾಟಿಕಾ’ ಅಂತ ಹನ್ನೆರಡು ಸಂಪುಟ ತಂದ್ರು. ಬೆಂಗಳೂರು ಜಿಲ್ಲೆಯದ್ದು ಒಂಬತ್ತನೇ ಸಂಪುಟ, 1905. ಮೂಲ ಪಾಠ, ರೋಮನ್ ಲಿಪಿಯಲ್ಲಿ ಅದೇ ಪಾಠ, ಇಂಗ್ಲಿಷ್ ಅನುವಾದ, ಮೂರೂ ಒಂದೇ ಪುಸ್ತಕದಲ್ಲಿ.

ನೂರು ವರ್ಷ ಆ ಸಂಪುಟ ಓದಬೇಕಂದ್ರೆ ದೊಡ್ಡ ಲೈಬ್ರರಿಯ ರೆಫರೆನ್ಸ್ ಕೋಣೆಯಲ್ಲಿ ಕೂರಬೇಕಿತ್ತು. ಈಗ ಅದರ ಕಾಪಿರೈಟ್ ಮುಗಿದಿದೆ, ಸ್ಕ್ಯಾನ್ ಆಗಿ ಇಂಟರ್ನೆಟ್ ಆರ್ಕೈವ್‌ನಲ್ಲಿ ಪುಕ್ಕಟೆ ಸಿಗುತ್ತೆ. ನಗರದ ಶಾಸನ ಹುಡುಕೋ ಹವ್ಯಾಸಿಗಳು ಈ ಪುಟಗಳನ್ನ ಮೊಬೈಲಲ್ಲಿ ಹಿಡ್ಕೊಂಡು, ರೈಸ್ ಕಂಡ ಕಲ್ಲು ಈಗಲೂ ಇದೆಯಾ, ಯಾವುದಾದ್ರೂ ಸೈಟಿನ ಅಡಿಪಾಯಕ್ಕೆ ಹೋಯ್ತಾ ಅಂತ ನೋಡ್ತಾ ಓಡಾಡ್ತಾರೆ. ಮಿಥಿಕ್ ಸೊಸೈಟಿಯ ತಂಡ ಉಳಿದ ಕಲ್ಲುಗಳನ್ನ ತ್ರೀ-ಡಿ ಸ್ಕ್ಯಾನ್ ಮಾಡ್ತಿದೆ.

ಅಂದ್ರೆ ಏಳೂವರೆ ಶತಮಾನದ ಹಿಂದಿನ ಬಾಗಿಲ ಕಂಬದ ವಿಷಯ ನಾನು ಪರ್ಪಲ್ ಲೈನ್ ಮೆಟ್ರೋದಲ್ಲಿ ನಿಂತ್ಕೊಂಡೇ ಓದಬಹುದು. ಹತ್ತು ವರ್ಷದ ಹಿಂದಿನ ಕೆರೆ ನೀರಿನ ವಿಷಯ ಓದೋಕಾಗಲ್ಲ.

ಭಾಗ 3/8

ಇದು ನನಗೆ ಅತಿ ಇಷ್ಟವಾದ ಭಾಗ. ಫೋಟೋದಲ್ಲಿರೋದು ಚರ್ಚ್ ಸ್ಟ್ರೀಟಿನ ಹಳೇ ಪುಸ್ತಕದಂಗಡಿಯಲ್ಲಿ ಕಂಡ ಒಂದು ದಪ್ಪ ಗಣಿತದ ಪುಸ್ತಕ. ಪ್ರಕಾಶಕರು ವಿದೇಶದವರು. ಒಳಗೆ ಒಂದು ಸೂತ್ರವೂ ಅರ್ಥ ಆಗಲಿಲ್ಲ. ಆದ್ರೆ ಶೀರ್ಷಿಕೆ ಪುಟದ ಹಿಂಬದಿಯಲ್ಲಿ, ಯಾರೂ ಓದದ ಸಣ್ಣ ಅಕ್ಷರದ ಜಾಗದಲ್ಲಿ, ಒಂದು ಸಾಲು ಇತ್ತು. ಟೈಪ್‌ಸೆಟ್ಟಿಂಗ್ ಮಾಡಿದ್ದು ಮ್ಯಾಕ್ಮಿಲನ್ ಇಂಡಿಯಾ, ಬೆಂಗಳೂರು 25.

25 ಅಂದ್ರೆ ಪಿನ್‌ಕೋಡ್ 560025. ರಿಚ್ಮಂಡ್ ಟೌನ್, ಅಶೋಕನಗರದ ಕಡೆ. ನಮ್ಮ ಕಂಟೋನ್ಮೆಂಟು!

1980, 90ರ ದಶಕದ ವಿದೇಶಿ ವಿಜ್ಞಾನ ಪುಸ್ತಕಗಳನ್ನ ತಿರುವಿ ನೋಡಿ, ಈ ಸಾಲು ಮತ್ತೆ ಮತ್ತೆ ಸಿಗುತ್ತೆ. ಲಂಡನ್ನಿನಲ್ಲೋ ನ್ಯೂಯಾರ್ಕಿನಲ್ಲೋ ಬರೆದ ಹಸ್ತಪ್ರತಿ ವಿಮಾನದ ಅಂಚೆಯಲ್ಲಿ ಇಲ್ಲಿಗೆ ಬರ್ತಿತ್ತು. ಇಲ್ಲಿ ಕೀ ಇನ್ ಮಾಡಿ, ಪ್ರೂಫ್ ತೆಗೆದು, ತಿದ್ದಿ, ಮತ್ತೆ ಅಲ್ಲಿಗೆ ಕಳಿಸ್ತಿದ್ರು. ಯಾಕೆ ಇಲ್ಲಿ? ಇಂಗ್ಲಿಷ್ ಓದಿದ ಪದವೀಧರರು ಬೇಕಾದಷ್ಟು ಜನ ಇದ್ರು, ಸಂಬಳ ಅಲ್ಲಿಗಿಂತ ಎಷ್ಟೋ ಕಡಿಮೆ. ಸಾಫ್ಟ್‌ವೇರ್‌ಗೆ ಬೆಂಗಳೂರು ಹೆಸರಾಗೋ ಮುಂಚೆನೇ ಇಂಥ ಕೆಲಸ ಇಲ್ಲಿಗೆ ಬಂದಾಗಿತ್ತು.

ಮರ್ಫಿ ಟೌನ್‌ನಲ್ಲಿ ನಮ್ಮ ಹಿಂದಿನ ಬೀದಿಯ ಅಂಕಲ್ ಒಬ್ಬರು ಇಂಥ ಕೆಲಸದಲ್ಲೇ ರಿಟೈರ್ ಆದವರು. ಯಾವ ಕಂಪನಿ ಅಂತ ಹಾಕಬೇಡ ಅಂದಿದ್ದಾರೆ, ಹಾಕಲ್ಲ. ಅವರ ಓದು ಬಿ.ಎ. ಆದ್ರೆ ಇಂಟಿಗ್ರಲ್ ಚಿಹ್ನೆಯ ಮೇಲಿನ ಮಿತಿ ಎಷ್ಟು ಮೇಲಿರಬೇಕು, ಗ್ರೀಕ್ ಅಕ್ಷರ ಎಲ್ಲಿ ಓರೆ, ಎಲ್ಲಿ ನೆಟ್ಟಗೆ, ಇದೆಲ್ಲ ಕಣ್ಣಲ್ಲೇ ಹೇಳ್ತಾರೆ. ‘ಅರ್ಥ ಏನು ಅಂತ ಕೇಳಬೇಡಪ್ಪ, ತಪ್ಪಿದ್ರೆ ಕಾಣುತ್ತೆ ಅಷ್ಟೇ’ ಅಂತಾರೆ.

90ರ ದಶಕದಲ್ಲಿ ಅವರ ಕೆಲಸವೇ ಬದಲಾಯ್ತು. ಪುಟ ಚೆನ್ನಾಗಿ ಕಂಡ್ರೆ ಸಾಲದು, ಪ್ರತಿ ತುಣುಕಿಗೂ ಗುರುತು ಹಾಕಬೇಕು: ಇದು ಲೇಖಕರ ಹೆಸರು, ಇದು ಅವರ ಊರು, ಇದು ಕೋಷ್ಟಕ, ಇದು ಉಲ್ಲೇಖ. ಮೊದಲು ಎಸ್‌ಜಿಎಂಎಲ್, ಆಮೇಲೆ ಎಕ್ಸ್‌ಎಂಎಲ್. ಒಂದು ಸಲ ಹೀಗೆ ಗುರುತು ಹಾಕಿದ ಫೈಲಿನಿಂದ ಅಚ್ಚಿನ ಪುಟ, ಪಿಡಿಎಫ್, ವೆಬ್ ಪುಟ ಮೂರೂ ಹೊರಡುತ್ತೆ. ನೀವು ಲೇಖನದಲ್ಲಿ ಒಂದು ಉಲ್ಲೇಖ ಒತ್ತಿದ ತಕ್ಷಣ ಇನ್ನೊಂದು ಲೇಖನ ತೆರೆಯುತ್ತಲ್ಲ, ಅದರ ಹಿಂದೆ ಹೀಗೆ ಯಾರೋ ಹಾಕಿದ ಗುರುತಿದೆ. ಆ ಯಾರೋ ಎಷ್ಟೋ ಸಲ ಬೆಂಗಳೂರಿನವರು, ಚೆನ್ನೈನವರು, ಪುದುಚೇರಿಯವರು.

ಮ್ಯಾಕ್ಮಿಲನ್‌ನ ಆ ಟೈಪ್‌ಸೆಟ್ಟಿಂಗ್ ವ್ಯವಹಾರ ಆಮೇಲೆ ಎಂಪಿಎಸ್ ಅನ್ನೋ ಹೆಸರಾಗಿ, 2011ರಲ್ಲಿ ಭಾರತೀಯ ಮಾಲೀಕರ ಕೈಗೆ ಬಂತು.

ಅಂಕಲ್‌ಗೆ ನನ್ನ ಸ್ಕ್ರೀನ್‌ಶಾಟ್ ತೋರಿಸಿದೆ. ಕನ್ನಡಕ ಏರಿಸಿ ನೋಡಿದವರು ಮೊದಲು ಹೇಳಿದ್ದು, ಸಾರಾಂಶದಲ್ಲಿ ಒಂದು ಕಡೆ ಸ್ಪೇಸ್ ಜಾಸ್ತಿ ಆಗಿದೆ ಅಂತ.

ಭಾಗ 4/8

ಈಗ ದುಡ್ಡಿನ ಲೆಕ್ಕ. ಇದನ್ನ ನಮಗೆ ಯಾರೂ ಕ್ಲಾಸಲ್ಲಿ ಹೇಳಿಲ್ಲ, ಅಲ್ವಾ?

ಸರ್ಕಾರಿ ಸಂಸ್ಥೆಯ ವಿಜ್ಞಾನಿಗೆ ಸಂಬಳ ನಮ್ಮ ತೆರಿಗೆಯಿಂದ. ಲೇಖನ ಬರೆದದ್ದಕ್ಕೆ ಪತ್ರಿಕೆ ಅವರಿಗೆ ಕಾಸು ಕೊಡಲ್ಲ. ಅದು ಸರಿಯಿದೆಯಾ ಅಂತ ಪರಿಶೀಲಿಸೋ ಬೇರೆ ವಿಜ್ಞಾನಿಗಳಿಗೂ ಸಾಮಾನ್ಯವಾಗಿ ಏನೂ ಕೊಡಲ್ಲ. ಪುಟ ಕಟ್ಟೋ ಕೆಲಸ ಅಗ್ಗದ ಊರಿಗೆ ಬರುತ್ತೆ. ಕೊನೆಗೆ ಅದೇ ಸರ್ಕಾರಿ ಸಂಸ್ಥೆಯ ಲೈಬ್ರರಿ ಅದೇ ಪತ್ರಿಕೆಯನ್ನ ಡಾಲರ್ ಕೊಟ್ಟು ತರಿಸ್ಕೊಳುತ್ತೆ. ನಮ್ಮ ಹೊಲದ ರಾಗಿ, ನಮ್ಮ ಬೀಸೋ ಕಲ್ಲು, ಹಿಟ್ಟು ಮಾತ್ರ ಅಂಗಡಿಯವನದ್ದು. ದೊಡ್ಡ ಪ್ರಕಾಶನ ಸಂಸ್ಥೆಗಳಲ್ಲಿ ಒಂದಾದ ಎಲ್ಸೆವಿಯರ್‌ನ ಲಾಭ ನೂರಕ್ಕೆ ಮೂವತ್ತೈದು ದಾಟುತ್ತೆ ಅಂದಾಗ ನನಗೆ ಆಶ್ಚರ್ಯ ಆಗಲಿಲ್ಲ.

ಅಚ್ಚಿನ ಕಾಲದಲ್ಲಿ ಒಂದು ಅನುಕೂಲ ಇತ್ತು. ಲೈಬ್ರರಿ ಒಂದು ಸಲ ಕೊಂಡ್ರೆ ಸಂಚಿಕೆ ಕಪಾಟಿನಲ್ಲೇ ಇರ್ತಿತ್ತು. ಲೈಬ್ರರಿಯನ್ ಒಳ್ಳೆಯವರಾಗಿದ್ರೆ ಹೊರಗಿನವರೂ ಹೋಗಿ ಓದಬಹುದಿತ್ತು, ಬೇಕಾದ್ದನ್ನ ಜೆರಾಕ್ಸ್ ಮಾಡಿಸಬಹುದಿತ್ತು. ಪತ್ರಿಕೆ ಸ್ಕ್ರೀನಿಗೆ ಬಂದ ಮೇಲೆ ಲೈಬ್ರರಿ ಎಷ್ಟೋ ಕಡೆ ಕೊಳ್ಳೋದು ಬಿಟ್ಟು ಬಾಡಿಗೆಗೆ ತಗೊಳ್ತು. ಕಂತು ಕಟ್ಟದಿದ್ರೆ ಹಳೇ ಸಂಚಿಕೆಯೂ ಮಾಯ ಆಗಬಹುದು. ನನ್ನ ಬೀಗ ಬಿದ್ದದ್ದು ಹೀಗೆ, ಪಿಡಿಎಫ್ ಬಂದ ಕಾಲದಲ್ಲಿ. ನಕಲು ಮಾಡೋಕೆ ಖರ್ಚೇ ಇಲ್ಲದ ಕಾಲದಲ್ಲಿ ಅನ್ನೋದು ನೋಡಿ.

ಬೇರೆ ದಾರಿ ಇರಲಿಲ್ಲ ಅಂತಲ್ಲ. ಸಿ. ವಿ. ರಾಮನ್ ತಮ್ಮ ಹೊಸ ಬೆಳಕಿನ ವಿಷಯ ವಿವರವಾಗಿ ಭಾಷಣ ಮಾಡಿದ್ದು ಬೆಂಗಳೂರಲ್ಲೇ, 1928ರ ಮಾರ್ಚ್ 16ರಂದು. ಅದು ಅಚ್ಚಾದದ್ದು ಭಾರತದ ಪತ್ರಿಕೆಯಲ್ಲೇ, ಎರಡೇ ವಾರದಲ್ಲಿ. 1930ಕ್ಕೆ ನೊಬೆಲ್ ಬಂತು. ಇಲ್ಲಿಯ ವಿಜ್ಞಾನಕ್ಕೆ ಇಲ್ಲಿಯದೇ ಪತ್ರಿಕೆ ಬೇಕು ಅನ್ನೋ ಹಟ ಅವರದ್ದು. 1934ರಲ್ಲಿ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್ ಕಟ್ಟಿ, ಅದೇ ವರ್ಷ ಪತ್ರಿಕೆ ಶುರು ಮಾಡಿದ್ರು. ಅಕಾಡೆಮಿ ಪತ್ರಿಕೆಗಳ ಲೇಖನಗಳನ್ನ ಅವರ ವೆಬ್‌ಸೈಟ್‌ನಲ್ಲಿ ಯಾರು ಬೇಕಾದ್ರೂ ಓದಬಹುದು. ವಿದ್ಯಾರ್ಥಿಗಳಿಗೆ ಅಂತಲೇ 1996ರಿಂದ ಬರ್ತಿರೋ ‘ರೆಸೊನೆನ್ಸ್’ ಕೂಡ. ನಮ್ಮ ಕ್ಲಾಸಲ್ಲಿ ಎಷ್ಟು ಜನಕ್ಕೆ ಗೊತ್ತಿತ್ತು? ಕೈ ಎತ್ತಿ. ನಾನೂ ಎತ್ತಲ್ಲ.

ಭಾಗ 5/8

ಬೀಗಕ್ಕೆ ಎದುರು ಕೆಲಸ ಶುರುವಾದದ್ದೂ ಈ ಊರಲ್ಲೇ, ಅದೂ ಬೇಗನೆ.

ಭೌತಶಾಸ್ತ್ರದವರು 1991ರಿಂದಲೇ ಅಮೆರಿಕದ ‘ಆರ್ಕೈವ್’ ಅನ್ನೋ ಸರ್ವರ್‌ನಲ್ಲಿ ಅಚ್ಚಿಗೆ ಮುಂಚಿನ ಲೇಖನ ಹಂಚಿಕೊಳ್ತಿದ್ರು. 2002ರಲ್ಲಿ ಬುಡಾಪೆಸ್ಟ್ ಘೋಷಣೆ ಬಂತು, ಮುಕ್ತ ಪ್ರವೇಶ ಅನ್ನೋ ಮಾತು ಎಲ್ಲ ಕಡೆ ಕೇಳಿಸ್ತು. ಅದೇ ವರ್ಷ ನಮ್ಮ ಭಾರತೀಯ ವಿಜ್ಞಾನ ಸಂಸ್ಥೆ, ಅಂದ್ರೆ ಟಾಟಾ ಇನ್‌ಸ್ಟಿಟ್ಯೂಟ್, ತನ್ನ ಲೇಖನಗಳ ಭಂಡಾರ ತೆರೀತು. ದೇಶದಲ್ಲಿ ಇಂಥದ್ದು ಮೊದಲು. ಅದರ ಹಿಂದೆ ಇದ್ದವರು ಟಿ. ಬಿ. ರಾಜಶೇಖರ್. ಮೂರೇ ವರ್ಷಕ್ಕೆ, 2005ರಲ್ಲಿ, ತೀರಿಕೊಂಡರು.

ಇದರ ಬೆನ್ನಲ್ಲೇ ಬಂದದ್ದು ನಮ್ಮ ಕಡೆಯದ್ದು. ಹಳೇ ಏರ್‌ಪೋರ್ಟ್ ರಸ್ತೆಯಲ್ಲಿ ಹೋಗೋವಾಗ ಎನ್‌ಎಎಲ್ ಬೋರ್ಡ್ ನೋಡಿರ್ತೀರಿ, ರಾಷ್ಟ್ರೀಯ ವಾಂತರಿಕ್ಷ ಪ್ರಯೋಗಾಲಯ. 1960ರಲ್ಲಿ ಬೆಂಗಳೂರಿಗೆ ಬಂದಾಗ ಜಯಮಹಲ್ ಅರಮನೆಯ ಕುದುರೆ ಲಾಯದಲ್ಲಿ ಇದ್ದ ಸಂಸ್ಥೆ ಅದು. ವಿಮಾನದ ರೆಕ್ಕೆ, ಗಾಳಿ ಸುರಂಗ ಅಂತ ಕೆಲಸ ಮಾಡೋ ಆ ಕ್ಯಾಂಪಸ್ಸಿನ ಲೈಬ್ರರಿಯವರು ತಮ್ಮವರ ಲೇಖನಗಳ ಮುಕ್ತ ಭಂಡಾರ ಕಟ್ಟಿದ್ರು. ದೇಶದ ಮೊದಮೊದಲ ಭಂಡಾರಗಳಲ್ಲಿ ಅದೂ ಒಂದು.

ಇದರಲ್ಲಿ ಕಳ್ಳತನ ಏನೂ ಇಲ್ಲ. ಪತ್ರಿಕೆ ಕಟ್ಟಿದ ಚೆಂದದ ಪುಟ ಪ್ರಕಾಶಕರದ್ದು. ಆದ್ರೆ ಲೇಖಕರು ಕಳಿಸಿದ, ಪರಿಶೀಲನೆ ಆಗಿ ಒಪ್ಪಿಗೆಯಾದ ತಮ್ಮದೇ ಪ್ರತಿಯನ್ನ ಸಂಸ್ಥೆಯ ಭಂಡಾರದಲ್ಲಿಡೋಕೆ ಎಷ್ಟೋ ಪತ್ರಿಕೆಗಳು ಒಪ್ಪುತ್ತವೆ, ಕೆಲವು ಒಂದಿಷ್ಟು ತಿಂಗಳು ಕಾಯಿ ಅಂತವೆ. ಮಾಡಬೇಕಾದ್ದು ಲೇಖಕರು ಆ ಫೈಲ್ ಕಳಿಸೋದು, ಲೈಬ್ರರಿಯವರು ಏರಿಸೋದು. ಮೊದಲನೆಯದೇ ಕಷ್ಟ. ಮೇಷ್ಟ್ರುಗಳಿಗೆ ಫೈಲ್ ಕಳಿಸಿ ಅಂತ ನೆನಪು ಮಾಡೋದು ಎಷ್ಟು ಕಷ್ಟ ಅಂತ ನಮಗೂ ಗೊತ್ತಲ್ಲ.

2006ರ ನವೆಂಬರ್‌ನಲ್ಲಿ ಇಲ್ಲೇ ಒಂದು ಕಾರ್ಯಾಗಾರ ಸೇರಿ, ಅಭಿವೃದ್ಧಿಶೀಲ ದೇಶಗಳಿಗೆ ಅಂತ ಮುಕ್ತ ಪ್ರವೇಶ ನೀತಿಯ ಮಾದರಿ ಬರೀತು. ಸಾರ್ವಜನಿಕ ದುಡ್ಡಲ್ಲಿ ಆದ ಸಂಶೋಧನೆ ಸಾರ್ವಜನಿಕರಿಗೆ ಸಿಗಬೇಕು ಅನ್ನೋದು ತಿರುಳು. ‘ಬೆಂಗಳೂರು ಘೋಷಣೆ’ ಅಂತಲೇ ಹೆಸರು. ಆಮೇಲೆ 2008ರಲ್ಲಿ ಶುರುವಾದ ಸೆಂಟರ್ ಫಾರ್ ಇಂಟರ್ನೆಟ್ ಅಂಡ್ ಸೊಸೈಟಿ ದೊಮ್ಮಲೂರಲ್ಲಿ ಆಫೀಸು ಮಾಡ್ತು. ಹೌದು, ಅದೇ ದೊಮ್ಮಲೂರು.

ಭಾಗ 6/8

‘ಇದೆಲ್ಲ ಇಂಗ್ಲಿಷ್ ಪೇಪರ್ ಕಥೆ, ಕನ್ನಡ ಎಂ.ಎ. ಮಾಡೋ ನಮಗೇನು?’ ಅಂತ ಮೆಸೇಜ್ ಮಾಡಿದ ಗೆಳತಿಗೆ ಈ ಭಾಗ.

2009ರಿಂದಲೇ ಯುಜಿಸಿ ನಿಯಮದ ಪ್ರಕಾರ ಪಿಎಚ್‌ಡಿ ಪ್ರಬಂಧಗಳ ಎಲೆಕ್ಟ್ರಾನಿಕ್ ಪ್ರತಿ ಕೊಡಬೇಕು. ಅವೆಲ್ಲ ಸೇರೋದು ‘ಶೋಧಗಂಗಾ’ ಅನ್ನೋ ಭಂಡಾರಕ್ಕೆ. ಲಕ್ಷಗಟ್ಟಲೆ ಪ್ರಬಂಧಗಳಿವೆ, ಕನ್ನಡದವೂ ಇವೆ, ಪೂರ್ತಿ ಪುಕ್ಕಟೆ. ಒಂದು ಕಾಲದಲ್ಲಿ ಕನ್ನಡ ಪ್ರಬಂಧ ಓದೋಕೆ ಅದನ್ನ ಬರೆದ ಊರಿನ ವಿಶ್ವವಿದ್ಯಾಲಯಕ್ಕೇ ಬಸ್ ಹತ್ತಬೇಕಿತ್ತು.

ಸಂತೋಷ ಪಡಿ. ಈಗ ಅದರಿಂದ ಒಂದು ಸಾಲು ಕಾಪಿ ಮಾಡಿ ವಾಟ್ಸಾಪಿಗೆ ಹಾಕಿ ನೋಡಿ. ನಾನು ಹಾಕಿದ ಒಂದರಲ್ಲಿ ‘ಕನ್ನಡ’ ಅನ್ನೋ ಪದ ಇಂಗ್ಲಿಷ್ ಪೀ ಅಕ್ಷರ, ತಲೆ ಮೇಲೆ ಟೋಪಿ ಇಟ್ಕೊಂಡ ಏ ಅಕ್ಷರ, ಮಧ್ಯೆ ಬ್ರಿಟಿಷ್ ಪೌಂಡ್ ಚಿಹ್ನೆ ಆಗಿ ಬಂತು. ಫೋಟೋ ನೋಡಿ, ನಗಬೇಡಿ.

ಕಾರಣ ಹಳೇ ಫಾಂಟ್‌ಗಳು. ಬರಹ, ನುಡಿ ಬಂದದ್ದರಿಂದಲೇ ಕನ್ನಡ ಕಂಪ್ಯೂಟರಿಗೆ ಹತ್ತಿದ್ದು, ಆ ಋಣ ದೊಡ್ಡದು. ಆದ್ರೆ ಆಗಿನ ಫಾಂಟ್‌ಗಳಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ಆಕಾರ ಕೂರಿಸಿದ್ರು. ಕಣ್ಣಿಗೆ ಕನ್ನಡ, ಕಂಪ್ಯೂಟರಿಗೆ ಪೀ ಮತ್ತು ಪೌಂಡ್. ಯುನಿಕೋಡ್‌ನಲ್ಲಿ ಕನ್ನಡಕ್ಕೆ ತನ್ನದೇ ಜಾಗ 1991ರಿಂದ ಇದೆ. ಡಿಟಿಪಿ ಅಂಗಡಿಗಳು ಅದಕ್ಕೆ ಬರೋಕೆ ತುಂಬ ತಡ ಮಾಡಿದವು, ಈಗಲೂ ಕೆಲವು ಬಂದಿಲ್ಲ. ಹಾಗಾಗಿ ಆ ಪ್ರಬಂಧಗಳ ಒಳಗಿನ ಒಂದು ಪದ ಹುಡುಕಿದ್ರೆ ಸಿಗಲ್ಲ. ಬಾಗಿಲು ತೆರೆದಿದೆ, ಒಳಗೆ ದೀಪ ಇಲ್ಲ. ಇಂಗ್ಲಿಷಿಗೆ ಅಂಕಲ್ ಥರದವರು ಕೂತು ಒಂದೊಂದು ತುಣುಕಿಗೂ ಗುರುತು ಹಾಕಿದ್ರಲ್ಲ, ಕನ್ನಡದ ವಿದ್ವತ್ತಿಗೆ ಆ ಕೆಲಸಕ್ಕೆ ದುಡ್ಡು ಕೊಟ್ಟವರು ಕಡಿಮೆ.

ಸಂಬಳ ಇಲ್ಲದೆ ಮಾಡಿದವರು ಇದ್ದಾರೆ. ಮೈಸೂರು ವಿಶ್ವವಿದ್ಯಾನಿಲಯ 2014ರಲ್ಲಿ ತನ್ನ ಕನ್ನಡ ವಿಶ್ವಕೋಶವನ್ನ ಮುಕ್ತ ಪರವಾನಗಿಯಲ್ಲಿ ಬಿಟ್ಟುಕೊಡ್ತು. ದೊಮ್ಮಲೂರಿನ ಆ ಸಂಸ್ಥೆಯವರೂ ಅದರಲ್ಲಿ ಕೈಜೋಡಿಸಿದ್ರು. ಆಮೇಲೆ ಅದನ್ನ ಯುನಿಕೋಡ್‌ನಲ್ಲಿ ಕನ್ನಡ ವಿಕಿಸೋರ್ಸ್‌ಗೆ ಏರಿಸಿದ್ದರಲ್ಲಿ ಸ್ವಯಂಸೇವಕರ ಪಾಲು ದೊಡ್ಡದು, ನಮ್ಮ ವಯಸ್ಸಿನವರದ್ದೂ. ಸ್ಕ್ಯಾನ್ ಮಾಡಿದ ಪುಟವನ್ನ ಓಸಿಆರ್ ಓದುತ್ತೆ, ಆದ್ರೆ ಒತ್ತಕ್ಷರದಲ್ಲಿ ಎಡವುತ್ತೆ, ತಿದ್ದೋಕೆ ಮನುಷ್ಯರೇ ಬೇಕು. ನಾನು ನಾಲ್ಕು ಪುಟ ತಿದ್ದಿದ್ದೀನಿ. ಒಂದು ಪುಟಕ್ಕೆ ನಲವತ್ತು ನಿಮಿಷ.

ಭಾಗ 7/8

ಚಿಕ್ಕ ಭಾಗ. ಬೀಗವನ್ನ ಓದೋರ ಕಡೆಯಿಂದ ತೆಗೆದು ಬರೆಯೋರ ಕಡೆ ಹಾಕಿದ ಕಥೆ.

ಮುಕ್ತ ಪ್ರವೇಶ ಬೇಕು ಅಂದಾಗ ದೊಡ್ಡ ಪ್ರಕಾಶಕರು ಸರಿ ಅಂದ್ರು. ಓದೋರು ಕೊಡಬೇಡಿ, ಲೇಖಕರು ಕೊಡಲಿ. ‘ನೇಚರ್’ ಪತ್ರಿಕೆ 2021ರಲ್ಲಿ ಒಂದು ಲೇಖನಕ್ಕೆ ಇಟ್ಟ ದರ 9,500 ಯೂರೋ. ಎಂಟು ಲಕ್ಷ ರೂಪಾಯಿಗೂ ಮೇಲೆ! ಇಲ್ಲಿನ ಕಾಲೇಜಿನ ಮೇಡಂ ಒಬ್ಬರು ಅಷ್ಟು ಎಲ್ಲಿಂದ ತರ್ತಾರೆ?

ಇನ್ನೊಂದು ತುದಿಯಲ್ಲಿ ನಕಲಿ ಪತ್ರಿಕೆಗಳು. ನಮ್ಮ ಡಿಪಾರ್ಟ್‌ಮೆಂಟ್ ಗ್ರೂಪಿಗೇ ಫಾರ್ವರ್ಡ್ ಬಂದಿತ್ತು: ಮೂರು ದಿನದಲ್ಲಿ ಪ್ರಕಟಣೆ, ಸರ್ಟಿಫಿಕೇಟ್ ಸಮೇತ, 1,500 ರೂಪಾಯಿ. ಸೀನಿಯರ್ ಒಬ್ಬರು ಕಟ್ಟಿದ್ರು. ಮುಂದಿನ ವರ್ಷ ಆ ವೆಬ್‌ಸೈಟೇ ಇರಲಿಲ್ಲ. ಅವರನ್ನ ಆಡಿಕೊಳ್ಳೋಕೆ ನನಗೆ ಮನಸ್ಸಿಲ್ಲ. ಬಡ್ತಿಗೆ, ಪಿಎಚ್‌ಡಿಗೆ ಲೇಖನದ ಎಣಿಕೆ ಕೇಳಿದ್ದು ವ್ಯವಸ್ಥೆ. ಇಂಥವನ್ನ ತಡೆಯೋಕೆ ಯುಜಿಸಿ ಮಾಡಿದ್ದ ‘ಕೇರ್’ ಪಟ್ಟಿಯನ್ನೂ 2025ರ ಫೆಬ್ರವರಿಯಲ್ಲಿ ಕೈಬಿಟ್ಟರು.

ಮತ್ತೆ ನಿಮ್ಮೆಲ್ಲರ ಬಾಯಲ್ಲಿರೋ ಹೆಸರು, ಸೈ-ಹಬ್. ಬೀಗ ಒಡೆದು ಲೇಖನ ಹಂಚ್ತಿದ್ದ ಆ ತಾಣದ ಮೇಲೆ ಮೂರು ವಿದೇಶಿ ಪ್ರಕಾಶಕರು 2020ರ ಡಿಸೆಂಬರ್‌ನಲ್ಲಿ ದೆಹಲಿ ಹೈಕೋರ್ಟಿಗೆ ಹೋದ್ರು. 2025ರ ಆಗಸ್ಟ್‌ನಲ್ಲಿ ಅದನ್ನ ಬ್ಲಾಕ್ ಮಾಡಿ ಅಂತ ಆದೇಶ ಆಯ್ತು. ಕಾನೂನಿನ ಕಣ್ಣಲ್ಲಿ ತಪ್ಪೇ. ಆದ್ರೆ ಇಷ್ಟೊಂದು ಜನ ಅಲ್ಲಿಗೆ ಹೋಗ್ತಿದ್ದದ್ದು ಯಾಕೆ ಅನ್ನೋ ಪ್ರಶ್ನೆಗೆ ಬ್ಲಾಕ್ ಉತ್ತರ ಕೊಡಲ್ಲ.

ಭಾಗ 8/8

2024ರ ನವೆಂಬರ್ 25ರಂದು ಕೇಂದ್ರ ಸಂಪುಟ ‘ಒಂದು ದೇಶ, ಒಂದು ಚಂದಾ’ಕ್ಕೆ ಒಪ್ಪಿಗೆ ಕೊಡ್ತು. ಒಂದೊಂದು ಲೈಬ್ರರಿ ಚೌಕಾಸಿ ಮಾಡೋ ಬದಲು ಇಡೀ ದೇಶ ಒಟ್ಟಿಗೆ ಕೊಳ್ಳೋದು. 30 ಪ್ರಕಾಶಕರು, 13,000ದಷ್ಟು ಪತ್ರಿಕೆಗಳು, ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ. 6,300 ಸರ್ಕಾರಿ ಸಂಸ್ಥೆಗಳ ಸುಮಾರು 1.8 ಕೋಟಿ ಜನಕ್ಕೆ ಅಂತ ಲೆಕ್ಕ. 2025ರ ಜನವರಿಯಿಂದ ಶುರು.

ಇದನ್ನ ಬರೀ ಬೈಯೋದು ಸರಿಯಲ್ಲ. ಕೆ.ಆರ್. ಪುರದ ಸರ್ಕಾರಿ ಪದವಿ ಕಾಲೇಜಿನ ಹುಡುಗಿಗೆ ಟಾಟಾ ಇನ್‌ಸ್ಟಿಟ್ಯೂಟ್‌ನವರು ಓದೋ ಪತ್ರಿಕೆಯೇ ಸಿಗುವ ಹಾಗೆ ಯೋಚಿಸಿದ್ದು ದೊಡ್ಡದು. ಸರ್ಕಾರಿ ಕಾಲೇಜಿನಲ್ಲಿ ಓದೋರು ದಯವಿಟ್ಟು ನಿಮ್ಮ ಲೈಬ್ರರಿಯಲ್ಲಿ ಕೇಳಿ, ಲಾಗಿನ್ ಬಂದಿದೆಯಾ, ಬಂದಿದ್ರೆ ಯಾರ ಹತ್ತಿರ ಇದೆ ಅಂತ.

ಆದ್ರೆ ಮೊದಲ ಹಂತದಲ್ಲಿ ಖಾಸಗಿ ಕಾಲೇಜುಗಳಿಲ್ಲ. ನನ್ನದು ಖಾಸಗಿ, ಅನುದಾನ ಇಲ್ಲದ್ದು. ನಿಮ್ಮಲ್ಲಿ ಅರ್ಧಕ್ಕರ್ಧ ಜನರದ್ದೂ ಅಂಥದ್ದೇ. ಶಾಸನ ಹುಡುಕೋ ಹವ್ಯಾಸಿ, ಕೆರೆ ಸಮಿತಿಯ ಆಂಟಿ, ರಿಟೈರ್ ಆದ ಅಂಕಲ್, ಇವರ್ಯಾರೂ ಆ 1.8 ಕೋಟಿಯಲ್ಲಿ ಬರಲ್ಲ. ಇನ್ನೊಂದು: ಇದೂ ಚಂದಾನೇ, ಬಾಡಿಗೆನೇ. 6,000 ಕೋಟಿಯಲ್ಲಿ ಒಂದು ಪಾಲು ನಮ್ಮದೇ ಭಂಡಾರಗಳಿಗೆ, ನಮ್ಮದೇ ಪತ್ರಿಕೆಗಳಿಗೆ, ಟೋಪಿ ಹಾಕ್ಕೊಂಡ ಕನ್ನಡ ಪ್ರಬಂಧಗಳನ್ನ ಯುನಿಕೋಡ್‌ಗೆ ತರೋಕೆ ಹೋಗಿದ್ರೆ ಅಂತ ನನಗನ್ನಿಸುತ್ತೆ. ಒಪ್ಪದಿರೋರು ಕಾಮೆಂಟಲ್ಲಿ ಜಗಳ ಆಡಿ, ಬೇಜಾರಿಲ್ಲ.

ನನ್ನ ಕೆರೆ ಪೇಪರ್ ಏನಾಯ್ತು ಅಂತ ಕೇಳ್ತಿದ್ರಿ. ಲೇಖಕರ ಇಮೇಲ್ ಸಾರಾಂಶದ ಪಕ್ಕದಲ್ಲೇ ಇತ್ತು, ಅದಕ್ಕೆ ಬೀಗ ಇರಲಿಲ್ಲ. ‘ನಮಸ್ಕಾರ ಮೇಡಂ, ನಾನು ಹಲಸೂರು ಕಡೆಯ ವಿದ್ಯಾರ್ಥಿ’ ಅಂತ ನಾಲ್ಕು ಸಾಲು ಬರೆದೆ. ಎರಡು ದಿನ ಸದ್ದಿಲ್ಲ. ಮೂರನೇ ದಿನ ರಾತ್ರಿ ಹನ್ನೊಂದಕ್ಕೆ ಉತ್ತರ ಬಂತು, ಜೊತೆಗೆ ಪಿಡಿಎಫ್. ಕೆಳಗೆ ಅವರದ್ದೂ ಒಂದು ಕೋರಿಕೆ ಇತ್ತು: ಆ ಕಾಲುವೆ ಕೆರೆಗೆ ಸೇರೋ ಜಾಗ ಈಗ ಹೇಗಿದೆ, ನೋಡಿ ಬಹಳ ವರ್ಷ ಆಯ್ತು, ಒಂದು ಫೋಟೋ ತೆಗೆದು ಕಳಿಸ್ತೀರಾ ಅಂತ.

ಮೊದಲ ಭಾಗದ ಫೋಟೋ ಅದೇ.